ಪ್ರೋಟೀನಿನ ಪೊಟರೆಯಲ್ಲಿ ಕ್ಸೆನಾನ್: ಜಡಾನಿಲವೊಂದು ಜೈವಿಕ ಅಣುಗಳ ಸುದ್ದಿ ತರುವ ಬಗೆ

ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಪ್ರೋಟೀನ್ ಅಣುವು ಒತ್ತೊತ್ತಾಗಿ ಸುತ್ತಿದ ನೂಲಿನ ಉಂಡೆಯಂತೆ ಕಾಣುತ್ತದೆ. ಆದರೆ ಆ ಉಂಡೆಯೊಳಗೆ ಅಲ್ಲಲ್ಲಿ ಪೊಟರೆಗಳಿರುತ್ತವೆ. ಯಾವ ಪರಮಾಣುವೂ ತುಂಬದೆ ಉಳಿದ, ಎಣ್ಣೆಯ ಸ್ವಭಾವದ ಗೋಡೆಗಳಿರುವ, ನೀರು ಕೂಡ ಒಳಬರಲು ಹಿಂಜರಿಯುವ ಪುಟ್ಟ ಖಾಲಿ ಜಾಗಗಳವು. ಕಿಣ್ವವೊಂದು ತನಗೆ ಬೇಕಾದ ಅಣುವನ್ನು ಹಿಡಿದುಕೊಳ್ಳುವುದಕ್ಕೂ, ಆಮ್ಲಜನಕವು ಸ್ನಾಯುಗಳಲ್ಲಿ ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಒಳಗೆ ದಾರಿ ಮಾಡಿಕೊಳ್ಳುವುದಕ್ಕೂ, ಔಷಧದ ಅಣುವೊಂದು ಬಂದು ನೆಲೆ ನಿಲ್ಲುವುದಕ್ಕೂ ಈ ಖಾಲಿ ಜಾಗಗಳೊಡನೆ ನಂಟಿದೆ. ಎಕ್ಸ್-ಕಿರಣ ಸ್ಫಟಿಕಶಾಸ್ತ್ರವು ಅವುಗಳನ್ನು ಸ್ಫಟಿಕದಲ್ಲಿ ತೋರಿಸುತ್ತದೆಯಾದರೂ ಪ್ರೋಟೀನ್ ಬದುಕುವುದು ನೀರಿನಲ್ಲಿ. ಅಲ್ಲಿ ಅದು ಕ್ಷಣಕ್ಷಣವೂ ಅಲುಗಾಡುತ್ತದೆ, ಬಾಗುತ್ತದೆ, ಪೊಟರೆಯ ಬಾಯಿ ತೆರೆದು ಮುಚ್ಚುತ್ತದೆ. ಖಾಲಿ ಜಾಗವನ್ನು ನೇರವಾಗಿ ವಿಚಾರಿಸಲು ಬಾರದು. ಅದರೊಳಗೆ ಹೋಗಿ, ಕೊಂಚ ಹೊತ್ತು ಕೂತು, ಹೊರಬಂದು, ಒಳಗೆ ಹೇಗಿತ್ತು ಎಂಬುದನ್ನು ತಿಳಿಸಬಲ್ಲ ಯಾರನ್ನಾದರೂ ಕಳಿಸಬೇಕು. ಕ್ಸೆನಾನ್ ಎಂಬ ಜಡಾನಿಲದ ಪರಮಾಣುವಿಗೆ ಆ ಕೆಲಸ ಅಚ್ಚರಿಯೆನಿಸುವಷ್ಟು ಚೆನ್ನಾಗಿ ಒಗ್ಗುತ್ತದೆ.

ಕ್ಸೆನಾನನ್ನು 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೇ ಮತ್ತು ಮೋರಿಸ್ ಟ್ರಾವರ್ಸ್ ಪತ್ತೆಹಚ್ಚಿದರು. ಗ್ರೀಕ್ ಮೂಲದ ಆ ಹೆಸರಿಗೆ ಅಪರಿಚಿತ ಎಂದು ಅರ್ಥ. ಗಾಳಿಯ ಸುಮಾರು 1.15 ಕೋಟಿ ಕಣಗಳಲ್ಲಿ ಒಂದು ಮಾತ್ರ ಕ್ಸೆನಾನ್ ಆಗಿರುವುದರಿಂದ ಹೆಸರು ತಕ್ಕುದಾಗಿಯೇ ಇದೆ. ‘ಜಡ’ ಎಂಬ ವಿಶೇಷಣ ಮಾತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ಸೆನಾನ್ ಸಾಮಾನ್ಯ ಪರಿಸ್ಥಿತಿಯಲ್ಲಿ ರಾಸಾಯನಿಕ ಬಂಧಗಳನ್ನು ಕಟ್ಟುವುದಿಲ್ಲ ಎಂಬುದು ನಿಜ. ಆದರೆ ಅದರ 54 ಇಲೆಕ್ಟ್ರಾನ್‌ಗಳ ಮೋಡವು ದೊಡ್ಡದು ಮತ್ತು ಮೆದುವಾದದ್ದು. ಹೀಲಿಯಂನ ಮೋಡಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ಆಕಾರ ಕೆಡಿಸಿಕೊಳ್ಳುತ್ತದೆ. ಅಕ್ಕಪಕ್ಕ ಯಾವುದೇ ಅಣು ಬಂದರೂ ಈ ಮೋಡ ಒಂದಿಷ್ಟು ನಲುಗುತ್ತದೆ. ಆ ನಲುಗುವಿಕೆಯಿಂದಲೇ ಒಂದು ದುರ್ಬಲ ಆಕರ್ಷಣೆ ಹುಟ್ಟಿ, ಕ್ಸೆನಾನ್ ನೀರಿಗಿಂತ ಎಣ್ಣೆಯಲ್ಲಿ ಸುಮಾರು 20 ಪಟ್ಟು ಹೆಚ್ಚು ಕರಗುತ್ತದೆ, ಮತ್ತು ಪ್ರೋಟೀನಿನ ನೀರೊಲ್ಲದ ಪೊಟರೆಗಳನ್ನು ತಾನಾಗಿ ಹುಡುಕಿಕೊಂಡು ಹೋಗುತ್ತದೆ. 1965ರಲ್ಲಿ ಶೋನ್‌ಬಾರ್ನ್, ವಾಟ್ಸನ್ ಮತ್ತು ಕೆಂಡ್ರ್ಯೂ ಅವರು ತಿಮಿಂಗಿಲದ ಮಯೋಗ್ಲೋಬಿನ್ ಸ್ಫಟಿಕಕ್ಕೆ ಕ್ಸೆನಾನ್ ಊಡಿಸಿ ನೋಡಿದಾಗ, ಅದು ಪ್ರೋಟೀನಿನ ಒಳಗೆ, ಆಮ್ಲಜನಕವನ್ನು ಹಿಡಿಯುವ ಕಬ್ಬಿಣವಿರುವ ಹೀಮ್ ತಟ್ಟೆಯ ಬಳಿ, ನಿರ್ದಿಷ್ಟ ಜಾಗವೊಂದರಲ್ಲಿ ಕೂತಿರುವುದು ಕಂಡುಬಂತು. ಮುಂದೆ 1984ರ ಹೊತ್ತಿಗೆ ಅದೇ ಪ್ರೋಟೀನಿನಲ್ಲಿ ಅಂಥ ನಾಲ್ಕು ತಾಣಗಳನ್ನು ಗುರುತಿಸಲಾಯಿತು. ಕ್ಸೆನಾನ್ ಬಂದು ಕೂತಾಗ ಪ್ರೋಟೀನಿನ ರಚನೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ ಎಂಬುದು ಆ ಕೆಲಸಗಳಿಂದ ತಿಳಿದ ಇನ್ನೊಂದು ಮುಖ್ಯ ಸಂಗತಿ.

ಹೋಗಿ ಕೂರುವುದಷ್ಟೇ ಸಾಲದು, ಸುದ್ದಿಯನ್ನೂ ಹೇಳಬೇಕು. ನಿಸರ್ಗದ ಕ್ಸೆನಾನ್‌ನಲ್ಲಿ ಸುಮಾರು 26 ಶೇಕಡಾ ಇರುವ ಕ್ಸೆನಾನ್-129 ಎಂಬ ಸಮಸ್ಥಾನಿಗೆ ಅರ್ಧ ಪ್ರಮಾಣದ ಸ್ಪಿನ್ ಇದೆ. ಅಂದರೆ ಅದರ ನ್ಯೂಕ್ಲಿಯಸ್ ಒಂದು ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದು ನಿಶ್ಚಿತ ಆವರ್ತನದಲ್ಲಿ ಬುಗುರಿಯಂತೆ ತೂಗಾಡುತ್ತದೆ. ಹೈಡ್ರೋಜನ್ನಿನ ನ್ಯೂಕ್ಲಿಯಸ್ 400 ಮೆಗಾಹರ್ಟ್ಸ್‌ನಲ್ಲಿ ತೂಗುವ 9.4 ಟೆಸ್ಲಾ ಅಯಸ್ಕಾಂತದಲ್ಲಿ ಕ್ಸೆನಾನ್-129ರ ಆವರ್ತನ ಸುಮಾರು 110.6 ಮೆಗಾಹರ್ಟ್ಸ್. ಆದರೆ ನ್ಯೂಕ್ಲಿಯಸ್ಸಿಗೆ ತಲುಪುವ ಕಾಂತಕ್ಷೇತ್ರ ಅದನ್ನು ಸುತ್ತುವರಿದ ಇಲೆಕ್ಟ್ರಾನ್ ಮೋಡದಿಂದ ಸೋಸಿ ಬಂದದ್ದು. ಮೋಡ ನಲುಗಿದರೆ ಸೋಸುವಿಕೆ ಬದಲಾಗುತ್ತದೆ, ಅದರೊಡನೆ ಆವರ್ತನವೂ ಸರಿಯುತ್ತದೆ. ಈ ಸರಿತವನ್ನು ರಾಸಾಯನಿಕ ಪಲ್ಲಟ ಎನ್ನುತ್ತಾರೆ. ಮೂಲ ಆವರ್ತನದ ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂದು, ಪಿಪಿಎಂನಲ್ಲಿ, ಅಳೆಯುತ್ತಾರೆ. ಸಾವಯವ ಅಣುಗಳ ಹೈಡ್ರೋಜನ್‌ಗಳೆಲ್ಲ ಹತ್ತು ಹನ್ನೆರಡು ಪಿಪಿಎಂಗಳ ಕಿರಿದಾದ ಓಣಿಯಲ್ಲಿ ಒತ್ತರಿಸಿಕೊಂಡಿದ್ದರೆ, ಕ್ಸೆನಾನ್ ಅನಿಲರೂಪದಿಂದ ನೀರಿಗೆ ಇಳಿದ ಮಾತ್ರಕ್ಕೆ ಸುಮಾರು 190 ಪಿಪಿಎಂ ಸರಿಯುತ್ತದೆ. ಯಾವ ಬಂಧವನ್ನೂ ಕಟ್ಟದೆ, ಬರೀ ನೆರೆಹೊರೆ ಬದಲಾದದ್ದಕ್ಕೆ ಇಷ್ಟು ದೊಡ್ಡ ಪ್ರತಿಕ್ರಿಯೆ ಕೊಡುವ ನ್ಯೂಕ್ಲಿಯಸ್‌ಗಳು ತೀರ ವಿರಳ.

ಇಷ್ಟೆಲ್ಲ ಅನುಕೂಲವಿದ್ದರೂ ಒಂದು ಅಡ್ಡಿಯಿತ್ತು. ಕ್ಸೆನಾನ್‌ನ ದನಿ ಕೇಳುವುದೇ ಇಲ್ಲ. ಕಾಂತಕ್ಷೇತ್ರದಲ್ಲಿ ನ್ಯೂಕ್ಲಿಯಸ್‌ಗಳು ಕ್ಷೇತ್ರದ ದಿಕ್ಕಿಗೋ ವಿರುದ್ಧ ದಿಕ್ಕಿಗೋ ನಿಲ್ಲಬಹುದು, ಮತ್ತು ಎರಡೂ ಸ್ಥಿತಿಗಳ ನಡುವಿನ ಶಕ್ತಿಯ ಅಂತರ ಕೋಣೆಯ ಉಷ್ಣತೆಯ ಮುಂದೆ ತೀರ ಅಲ್ಪ. ಹಾಗಾಗಿ ಎರಡೂ ಕಡೆ ಹೆಚ್ಚುಕಡಿಮೆ ಸಮಸಂಖ್ಯೆಯಿದ್ದು, ಒಂದರ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ನಮಗೆ ಕೇಳಿಸುವುದು ಹೆಚ್ಚುವರಿಯಾಗಿ ಉಳಿದವು ಮಾತ್ರ. 9.4 ಟೆಸ್ಲಾದಲ್ಲಿ ಕ್ಸೆನಾನ್-129ರ ಹತ್ತು ಲಕ್ಷ ನ್ಯೂಕ್ಲಿಯಸ್‌ಗಳಿಗೆ ಹಾಗೆ ಉಳಿಯುವುದು ಸುಮಾರು ಒಂಬತ್ತು. ಅದರ ಮೇಲೆ, ಒಂದು ವಾತಾವರಣದ ಒತ್ತಡದಲ್ಲಿ ನೀರಿನಲ್ಲಿ ಕರಗುವ ಕ್ಸೆನಾನ್ ಲೀಟರಿಗೆ ನಾಲ್ಕೈದು ಮಿಲಿಮೋಲ್ ಅಷ್ಟೇ, ಅದರಲ್ಲೂ ಕಾಲುಭಾಗ ಮಾತ್ರ ನಮಗೆ ಬೇಕಾದ ಸಮಸ್ಥಾನಿ. ನೀರಿನ ಹೈಡ್ರೋಜನ್‌ಗಳಾದರೋ ಲೀಟರಿಗೆ 110 ಮೋಲ್ ಇರುತ್ತವೆ. 1980ರ ದಶಕದ ಆರಂಭದಲ್ಲಿಯೇ ಮಯೋಗ್ಲೋಬಿನ್, ಹೀಮೋಗ್ಲೋಬಿನ್‌ಗಳ ದ್ರಾವಣದಲ್ಲಿ ಕ್ಸೆನಾನ್ ಎನ್‌ಎಂಆರ್ (ನ್ಯೂಕ್ಲಿಯಸ್‌ಗಳ ತೂಗಾಟದ ಆವರ್ತನವನ್ನು ರೇಡಿಯೋ ಅಲೆಗಳಿಂದ ಅಳೆಯುವ ನ್ಯೂಕ್ಲಿಯರ್ ಕಾಂತೀಯ ಅನುರಣನ) ಮಾಡಿದವರಿದ್ದರು. ಈ ಲೆಕ್ಕಗಳನ್ನು ನೋಡಿದರೆ ಅವರ ತಾಳ್ಮೆಯನ್ನು ಮೆಚ್ಚಬೇಕಾಗುತ್ತದೆ.

ಅತಿಧ್ರುವೀಕರಣ ಎಂಬುದು ಈ ಸಮಸಂಖ್ಯೆಯ ಶಾಪವನ್ನು ಬಲವಂತವಾಗಿ ಮುರಿಯುವ ವಿಧಾನ. ಧ್ರುವೀಕರಣ 30 ಶೇಕಡಾ ಎಂದರೆ ನೂರರಲ್ಲಿ 65 ನ್ಯೂಕ್ಲಿಯಸ್‌ಗಳು ಒಂದು ಕಡೆಗೆ, 35 ಮತ್ತೊಂದು ಕಡೆಗೆ ನಿಂತಿವೆ ಎಂದರ್ಥ. ಹತ್ತು ಲಕ್ಷಕ್ಕೆ ಒಂಬತ್ತು ಇದ್ದ ಉಳಿಕೆ ಮೂರು ಲಕ್ಷಕ್ಕೆ ಏರಿತು, ಸಿಗ್ನಲ್ ಸುಮಾರು 33,000 ಪಟ್ಟಾಯಿತು. ಇದೇ ಸ್ಪಷ್ಟತೆಯನ್ನು ಹಳೆಯ ದಾರಿಯಲ್ಲಿ, ಮತ್ತೆ ಮತ್ತೆ ಅಳೆದು ಕೂಡಿಸುತ್ತ ಪಡೆಯಬೇಕೆಂದರೆ ಗದ್ದಲವು ಅಳತೆಗಳ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ತಗ್ಗುವುದರಿಂದ 33,000ದ ವರ್ಗದಷ್ಟು, ಅಂದರೆ ಸುಮಾರು 110 ಕೋಟಿ ಅಳತೆಗಳು ಬೇಕಾಗುತ್ತವೆ. ಸೆಕೆಂಡಿಗೊಂದರಂತೆ ಬಿಡದೆ ಅಳೆದರೂ 34 ವರ್ಷಗಳಾಗುತ್ತವೆ. ಅಷ್ಟು ಕಾಲ ಕೆಡದೆ ಉಳಿಯುವ ಪ್ರೋಟೀನ್ ದ್ರಾವಣವನ್ನು ಯಾರೂ ಕಂಡಿಲ್ಲ.

ಈ ಬಲವಂತದ ಮೂಲ ಬೆಳಕಿನಲ್ಲಿದೆ. ಬೆಳಕಿನಿಂದ ಪರಮಾಣುಗಳ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಬಹುದೆಂಬ ದ್ಯುತಿ ಪಂಪಿಂಗ್ ಕಲ್ಪನೆಯನ್ನು ಫ್ರಾನ್ಸಿನ ಆಲ್ಫ್ರೆಡ್ ಕಾಸ್ಟ್ಲರ್ 1950ರಲ್ಲಿ ಮುಂದಿಟ್ಟರು. ಅವರಿಗೆ 1966ರ ಭೌತವಿಜ್ಞಾನದ ನೊಬೆಲ್ ಬಂತು. ಬೂಶಿಯಾ, ಕಾರ್ವರ್ ಮತ್ತು ವಾರ್ನಮ್ 1960ರಲ್ಲಿ ರುಬಿಡಿಯಂ ಆವಿಯ ಮಧ್ಯಸ್ಥಿಕೆಯಿಂದ ಹೀಲಿಯಂ-3ನ್ನು ಧ್ರುವೀಕರಿಸಿದರು. 1978ರಲ್ಲಿ ಗ್ರೋವರ್ ಅದೇ ಉಪಾಯವನ್ನು ಕ್ಸೆನಾನ್‌ಗೆ ಅನ್ವಯಿಸಿದರು. ಪ್ರಿನ್ಸ್‌ಟನ್ನಿನ ವಿಲಿಯಂ ಹ್ಯಾಪರ್ ಮತ್ತು ಸಂಗಡಿಗರು ಅದರ ಭೌತವಿಜ್ಞಾನವನ್ನು ವಿವರವಾಗಿ ಬಿಡಿಸಿಟ್ಟರು.

ಕ್ರಮ ಹೀಗಿದೆ. ಗಾಜಿನ ಕೋಶವೊಂದರಲ್ಲಿ ರುಬಿಡಿಯಂ ಲೋಹದ ಪುಟ್ಟ ಹನಿಯನ್ನಿಟ್ಟು ನೂರು ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿ ಮಾಡಿದರೆ ತೆಳುವಾದ ಆವಿ ಏಳುತ್ತದೆ. ರುಬಿಡಿಯಂನ ಹೊರಕವಚದಲ್ಲಿರುವುದು ಒಂದೇ ಇಲೆಕ್ಟ್ರಾನ್. ಆವಿಯ ಮೇಲೆ 795 ನ್ಯಾನೋಮೀಟರಿನ, ಅಂದರೆ ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆಯ, ವೃತ್ತೀಯವಾಗಿ ಧ್ರುವಿತ ಲೇಸರ್ ಬೆಳಕನ್ನು ಹರಿಸುತ್ತಾರೆ. ಈ ಬೆಳಕಿನ ಪ್ರತಿ ಫೋಟಾನೂ ಒಂದು ಗೊತ್ತಾದ ದಿಕ್ಕಿನ ತಿರುಗುವಿಕೆಯನ್ನು ಹೊತ್ತಿರುತ್ತದೆ; ಒಂದು ದಿಕ್ಕಿನ ಸ್ಪಿನ್ ಇರುವ ಇಲೆಕ್ಟ್ರಾನ್‌ಗಳು ಮಾತ್ರ ಅದನ್ನು ಹೀರಬಲ್ಲವು. ಹೀರಿದ ಇಲೆಕ್ಟ್ರಾನ್ ಮೇಲೇರಿ, ಮರಳಿ ಬೀಳುವಾಗ ಎರಡರಲ್ಲಿ ಯಾವುದೋ ಒಂದು ಸ್ಥಿತಿಗೆ ಬೀಳುತ್ತದೆ. ಹೀರಬಲ್ಲ ಸ್ಥಿತಿಗೇ ಬಿದ್ದರೆ ಬೆಳಕು ಅದನ್ನು ಮತ್ತೆ ಎತ್ತುತ್ತದೆ, ಹೀರಲಾರದ ಸ್ಥಿತಿಗೆ ಬಿದ್ದರೆ ಅಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಹುಪಾಲು ಇಲೆಕ್ಟ್ರಾನ್‌ಗಳು ಹೀರಲಾರದ ಕಡೆ ಸೇರಿಕೊಳ್ಳುತ್ತವೆ, ಮತ್ತು ಮೊದಲು ಬೆಳಕನ್ನು ತಡೆಯುತ್ತಿದ್ದ ಆವಿಯೇ ಆ ಬೆಳಕಿಗೆ ಪಾರದರ್ಶಕವಾಗುತ್ತದೆ. ಅದೇ ಕೋಶದಲ್ಲಿರುವ ಕ್ಸೆನಾನ್ ಪರಮಾಣುಗಳು ರುಬಿಡಿಯಂಗೆ ಡಿಕ್ಕಿ ಹೊಡೆಯುವಾಗ, ಕೆಲವೊಮ್ಮೆ ಕ್ಷಣಮಾತ್ರ ಜೋಡಿಯಾಗಿ ಅಂಟಿಕೊಳ್ಳುವಾಗ, ರುಬಿಡಿಯಂ ಇಲೆಕ್ಟ್ರಾನಿನ ಸ್ಪಿನ್ ಕ್ಸೆನಾನ್‌ನ ನ್ಯೂಕ್ಲಿಯಸ್ಸಿಗೆ ಕೈಬದಲಾಗುತ್ತದೆ. ಜೊತೆಗೆ ಸ್ವಲ್ಪ ನೈಟ್ರೋಜನ್ ಬೆರೆಸುವುದು ವಾಡಿಕೆ. ಮೇಲೇರಿದ ರುಬಿಡಿಯಂ ತನ್ನ ಶಕ್ತಿಯನ್ನು ಮನಬಂದ ದಿಕ್ಕಿನ ಬೆಳಕಾಗಿ ಉಗುಳಿ ಅಷ್ಟು ಹೊತ್ತು ಮಾಡಿದ್ದನ್ನು ಕೆಡಿಸದಂತೆ, ಆ ಶಕ್ತಿಯನ್ನು ನೈಟ್ರೋಜನ್ ಸದ್ದಿಲ್ಲದೆ ತೆಗೆದುಕೊಳ್ಳುತ್ತದೆ. ಹತ್ತಾರು ವಾಟ್‌ಗಳ ಡಯೋಡ್ ಲೇಸರ್‌ಗಳು ಕೈಗೆಟುಕಿದ ಮೇಲೆ ಇಪ್ಪತ್ತು, ಮೂವತ್ತು, ಐವತ್ತು ಶೇಕಡಾ ಧ್ರುವೀಕರಣ ಮಾಮೂಲಾಯಿತು. 2013ರಲ್ಲಿ ಪ್ರಕಟವಾದ ಒಂದು ಉಪಕರಣ ತೊಂಬತ್ತು ಶೇಕಡಾದ ಆಸುಪಾಸನ್ನೂ ಮುಟ್ಟಿತು.

ಇಲ್ಲಿಂದ ಮುಂದೆ ಈ ವಿದ್ಯೆಯ ಪ್ರತಿಯೊಂದು ಹೆಜ್ಜೆಯನ್ನೂ ನಿರ್ಧರಿಸುವ ಒಂದು ಸಂಗತಿಯಿದೆ. ಸಾಮಾನ್ಯ ಎನ್‌ಎಂಆರ್‌ನಲ್ಲಿ ಅಳೆದಾದ ಮೇಲೆ ಕೆಲ ಸೆಕೆಂಡು ಕಾದರೆ ನ್ಯೂಕ್ಲಿಯಸ್‌ಗಳು ತಮ್ಮಷ್ಟಕ್ಕೆ ಹಳೆಯ ಸ್ಥಿತಿಗೆ ಮರಳುತ್ತವೆ. ತಿಂಗಳ ಸಂಬಳದಂತೆ, ಖರ್ಚಾದರೂ ಮತ್ತೆ ಬರುತ್ತದೆ. ಅತಿಧ್ರುವೀಕರಣ ಹಾಗಲ್ಲ, ಅದೊಂದು ಇಡುಗಂಟು. ಅಳೆದಾಗಲೆಲ್ಲ ಕರಗುತ್ತದೆ, ಅಳೆಯದೆ ಸುಮ್ಮನಿದ್ದರೂ ಮೆಲ್ಲಗೆ ಸೋರಿಹೋಗುತ್ತದೆ, ಹೋದದ್ದು ತಾನಾಗಿ ತುಂಬಿಕೊಳ್ಳುವುದಿಲ್ಲ. ಅನಿಲರೂಪದಲ್ಲಿ, ಒಳ್ಳೆಯ ಗಾಜಿನ ಪಾತ್ರೆಯಲ್ಲಿ ಅದು ಗಂಟೆಗಟ್ಟಲೆ ಬಾಳಬಹುದು. ದ್ರವ ನೈಟ್ರೋಜನ್ನಿನ ಉಷ್ಣತೆಯಲ್ಲಿ, ಸಾಧಾರಣ ಕಾಂತಕ್ಷೇತ್ರವೊಂದರಲ್ಲಿ ಹೆಪ್ಪುಗಟ್ಟಿಸಿಟ್ಟರೆ ಎರಡು ಮೂರು ಗಂಟೆ. ರಕ್ತದಲ್ಲಿ ಕರಗಿದರೆ ಕೆಲವೇ ಸೆಕೆಂಡು. ಪ್ರೋಟೀನ್ ದ್ರಾವಣ ಇವುಗಳ ನಡುವೆ ಎಲ್ಲೋ ಬರುತ್ತದೆ. ಸಾಮಾನ್ಯ ನೀರಿನ ಬದಲು, ಹೈಡ್ರೋಜನ್ನಿನ ಜಾಗದಲ್ಲಿ ಅದರ ಭಾರವಾದ ಸಮಸ್ಥಾನಿ ಡ್ಯೂಟೀರಿಯಂ ಇರುವ ಭಾರಜಲ ಬಳಸಿದರೆ, ಸುತ್ತಲಿನ ಹೈಡ್ರೋಜನ್‌ಗಳ ಕಾಂತೀಯ ಕಿರಿಕಿರಿ ತಗ್ಗಿ ಆಯುಸ್ಸು ಸಾಕಷ್ಟು ಹೆಚ್ಚುತ್ತದೆ.

ಹಾಗಾಗಿ ಪ್ರಯೋಗದ ದಿನ ಎಲ್ಲವೂ ಗಡಿಯಾರದೊಡನೆ ಓಟ. ಪ್ರೋಟೀನ್ ದ್ರಾವಣದಿಂದ ಆಮ್ಲಜನಕವನ್ನು ಮೊದಲೇ ಹೊರಹಾಕಿರಬೇಕು, ಏಕೆಂದರೆ ಅದರ ಜೋಡಿಯಿಲ್ಲದ ಇಲೆಕ್ಟ್ರಾನ್‌ಗಳು ಇಡುಗಂಟನ್ನು ಬೇಗ ಖಾಲಿ ಮಾಡುತ್ತವೆ. ಲೇಸರ್ ಕೋಶದಿಂದ ಬಂದ ಕ್ಸೆನಾನನ್ನು ದ್ರವ ನೈಟ್ರೋಜನ್ನಿನಲ್ಲಿ ಅದ್ದಿದ ನಳಿಕೆಯಲ್ಲಿ ಬಿಳಿ ಹಿಮದಂತೆ ಹೆಪ್ಪುಗಟ್ಟಿಸುತ್ತಾರೆ. ನೈಟ್ರೋಜನ್ ಹೆಪ್ಪುಗಟ್ಟದೆ ಹೊರಟುಹೋಗುತ್ತದೆ, ನೀರು ಸೋಕಿದರೆ ಹೊತ್ತಿಕೊಳ್ಳುವ ರುಬಿಡಿಯಂ ಅದಕ್ಕೂ ಮೊದಲೇ ತಣ್ಣನೆಯ ಗೋಡೆಗಳಲ್ಲಿ ಕೂತುಬಿಟ್ಟಿರುತ್ತದೆ. ಬಳಿಕ ಆ ಹಿಮವನ್ನು ಕಾಂತಕ್ಷೇತ್ರದಿಂದ ಹೊರತೆಗೆಯದೆ, ಸಾಧ್ಯವಾದಷ್ಟು ಬೇಗ ಕರಗಿಸಬೇಕು, ಏಕೆಂದರೆ ಕರಗುವ ಬಿಂದುವಿನ ಹತ್ತಿರ ಸೋರಿಕೆ ಜೋರಾಗುತ್ತದೆ. ಹೊರಟ ಅನಿಲವನ್ನು ಕವಾಟವಿರುವ ಎನ್‌ಎಂಆರ್ ನಳಿಕೆಗೆ ಬಿಟ್ಟು, ಮುಚ್ಚಿ, ಜೋರಾಗಿ ಕುಲುಕಿ, ಕಾಂತಕ್ಷೇತ್ರ ಸೊನ್ನೆಯಾಗುವ ಜಾಗಗಳನ್ನು ತಪ್ಪಿಸಿಕೊಂಡು ನಡೆದು, ಅಯಸ್ಕಾಂತದ ಕೊಳವೆಗೆ ಇಳಿಸಬೇಕು. ಇಷ್ಟಕ್ಕೆ ಸಿಗುವ ಕಾಲ ಕೆಲವು ಸೆಕೆಂಡುಗಳು. ಕುಲುಕಿದಾಗ ಪ್ರೋಟೀನ್ ದ್ರಾವಣ ನೊರೆಯೇಳುತ್ತದೆ, ನೊರೆಯ ಪೊರೆಯಲ್ಲಿ ಸಿಕ್ಕ ಪ್ರೋಟೀನ್ ಮಡಿಕೆ ಬಿಚ್ಚಿ ಹಾಳಾಗಬಹುದು, ಉಳಿದ ಗುಳ್ಳೆಗಳು ಕಾಂತಕ್ಷೇತ್ರದ ಸಮತೆಯನ್ನು ಕೆಡಿಸಿ, ಆವರ್ತನದ ನಕ್ಷೆಯಲ್ಲಿ ಸಿಗ್ನಲ್‌ಗಳಾಗಿ ಏಳುವ ಶಿಖರಗಳನ್ನು ಅಗಲಿಸುತ್ತವೆ. ಗುಳ್ಳೆ ಕುಳಿತುಕೊಳ್ಳಲು ಕಾದರೆ ಧ್ರುವೀಕರಣ ಹೋಗುತ್ತದೆ, ಕಾಯದಿದ್ದರೆ ಅಳತೆ ಕೆಡುತ್ತದೆ. ಹತ್ತಾರು ಸಾವಿರ ಪಟ್ಟು ಸೂಕ್ಷ್ಮತೆಯ ಮಾತಾಡುವ ವಿದ್ಯೆಯೊಂದು ಕೊನೆಗೆ ಕೈ ಕುಲುಕುವ ಹದದ ಮೇಲೆ ನಿಂತಿರುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ. ಅನಿಲವನ್ನು ಗುಳ್ಳೆಯಿಲ್ಲದೆ ದ್ರಾವಣಕ್ಕೆ ದಾಟಿಸುವ ಟೊಳ್ಳು ನಾರುಗಳ ಪೊರೆಗಳು ಬಂದ ಮೇಲೆ ಈ ಪಾಡು ಸಾಕಷ್ಟು ತಗ್ಗಿದೆ.

ಅಯಸ್ಕಾಂತದೊಳಗೆ ಇಳಿದ ಮೇಲೂ ಖರ್ಚಿನ ಲೆಕ್ಕ ಮುಗಿಯುವುದಿಲ್ಲ. ಸಾಮಾನ್ಯವಾಗಿ ಬಳಸುವ, ಸ್ಪಿನ್‌ಗಳನ್ನು ಕ್ಷೇತ್ರದ ದಿಕ್ಕಿನಿಂದ 90 ಡಿಗ್ರಿ ವಾಲಿಸುವ ರೇಡಿಯೋ ತುಡಿತ ಒಂದೇ ಏಟಿಗೆ ಇಡೀ ಇಡುಗಂಟನ್ನು ಖರ್ಚು ಮಾಡಿಬಿಡುತ್ತದೆ. ಅದರ ಬದಲು 10 ಡಿಗ್ರಿಯ ತುಡಿತ ಕೊಟ್ಟರೆ ಪೂರ್ಣ ಸಿಗ್ನಲ್‌ನ ಸುಮಾರು 17 ಶೇಕಡಾ ಸಿಗುತ್ತದೆ, ಆದರೆ 98.5 ಶೇಕಡಾ ಧ್ರುವೀಕರಣ ಹಾಗೆಯೇ ಉಳಿಯುತ್ತದೆ. ಹೀಗೆ ಇಪ್ಪತ್ತು ಬಾರಿ ಅಳೆದರೂ, ಸೋರಿಕೆಯನ್ನು ಬಿಟ್ಟು ನೋಡಿದರೆ, ಸುಮಾರು 74 ಶೇಕಡಾ ಕೈಯಲ್ಲಿರುತ್ತದೆ. ರೇಖಾಗಣಿತ ಇಲ್ಲಿ ಜಿಪುಣರ ಪರವಾಗಿದೆ.

ಇನ್ನು ಸಿಕ್ಕಿದ ಶಿಖರವನ್ನು ಓದುವ ಬಗೆ. ಕ್ಸೆನಾನ್ ಹೆಚ್ಚಿನ ಪ್ರೋಟೀನ್‌ಗಳ ಪೊಟರೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅದರ ಹಿಡಿತ ದುರ್ಬಲ, ಒಳಹೊರಗಿನ ಓಡಾಟ ಚುರುಕು. ಓಡಾಟ ಸಾಕಷ್ಟು ವೇಗವಾಗಿದ್ದಾಗ ‘ಒಳಗಿನ’ ಮತ್ತು ‘ಹೊರಗಿನ’ ಎಂಬ ಎರಡು ಶಿಖರಗಳು ಕಾಣದೆ, ಎರಡರ ತೂಕದ ಸರಾಸರಿಯಲ್ಲಿ ಒಂದೇ ಶಿಖರ ಕಾಣುತ್ತದೆ. ಪೊಟರೆಯೊಳಗಿನ ಪಲ್ಲಟ ನೀರಿನದಕ್ಕಿಂತ 20 ಪಿಪಿಎಂ ಆಚೆಗಿದ್ದು, ಯಾವುದೇ ಕ್ಷಣದಲ್ಲಿ ನೂರಕ್ಕೆ ಐದು ಕ್ಸೆನಾನ್‌ಗಳು ಒಳಗಿವೆ ಎಂದಿಟ್ಟುಕೊಂಡರೆ, ಶಿಖರ ಸರಿಯುವುದು ಒಂದು ಪಿಪಿಎಂ. 9.4 ಟೆಸ್ಲಾದಲ್ಲಿ ಅದು ಸುಮಾರು 110 ಹರ್ಟ್ಸ್. ಸ್ವಚ್ಛವಾದ ಕ್ಸೆನಾನ್ ಶಿಖರದಲ್ಲಿ ಇದು ಎದ್ದು ಕಾಣುವ ಅಂತರ. ಪ್ರೋಟೀನಿನ ಪ್ರಮಾಣವನ್ನು ಏರಿಸುತ್ತ ಈ ಸರಿತವನ್ನು ಗುರುತಿಸಿಕೊಂಡು ಹೋದರೆ ಹಿಡಿತ ಎಷ್ಟು ಬಲವಾದದ್ದು, ಒಳಗಿನ ನೆರೆಹೊರೆ ಎಂಥದ್ದು ಎಂಬುದನ್ನು ಅಂದಾಜಿಸಬಹುದು.

ಆದರೆ ಇಲ್ಲೊಂದು ಬಲೆಯಿದೆ, ಮತ್ತು ಈ ಕ್ಷೇತ್ರದ ಒಳ್ಳೆಯ ಕೆಲಸವನ್ನು ಅವಸರದ ಕೆಲಸದಿಂದ ಬೇರ್ಪಡಿಸುವುದು ಅದೇ ಎಂದು ನನ್ನ ಎಣಿಕೆ. ಕ್ಸೆನಾನ್ ಪೊಟರೆಗೆ ಮಾತ್ರ ಸ್ಪಂದಿಸುವುದಿಲ್ಲ. ಪ್ರೋಟೀನಿನ ಹೊರಮೈಗೆ ತಾಗಿದರೂ ಅದರ ಮೋಡ ನಲುಗುತ್ತದೆ, ಪೊಟರೆಯೇ ಇಲ್ಲದ ಪ್ರೋಟೀನಿನಲ್ಲೂ, ಮಡಿಕೆ ಬಿಚ್ಚಿಹೋದ ಪ್ರೋಟೀನಿನಲ್ಲೂ ಶಿಖರ ಸರಿಯುತ್ತದೆ, ದ್ರಾವಣದ ಆಮ್ಲತೆಯನ್ನು ಕಾಯುವ ಬಫರಿನ ಉಪ್ಪು ಬದಲಾದರೂ ಸರಿಯುತ್ತದೆ. ಬರ್ಕ್ಲಿಯಲ್ಲಿ ಅಲೆಕ್ಸಾಂಡರ್ ಪೈನ್ಸ್ ಮತ್ತು ಡೇವಿಡ್ ವೆಮ್ಮರ್ ಅವರ ಗುಂಪುಗಳು 2000ದ ಸುಮಾರಿಗೆ ಈ ಅನಿರ್ದಿಷ್ಟ ತಾಗುವಿಕೆಯ ಪಾಲನ್ನು ಬಿಡಿಬಿಡಿಯಾಗಿ ಅಳೆದು ತೋರಿಸಿದ ಮೇಲೆಯೇ ಉಳಿದ ಪಾಲನ್ನು ಪೊಟರೆಯ ಲೆಕ್ಕಕ್ಕೆ ಬರೆಯುವುದು ಸಾಧ್ಯವಾಯಿತು. ಅದರ ಮರುವರ್ಷ ಅವರೇ ಮಾಲ್ಟೋಸ್ ಹಿಡಿಯುವ ಬ್ಯಾಕ್ಟೀರಿಯಾ ಪ್ರೋಟೀನೊಂದನ್ನು ತೆಗೆದುಕೊಂಡರು. ಸಕ್ಕರೆ ಸಿಕ್ಕಾಗ ಈ ಪ್ರೋಟೀನಿನ ಎರಡು ಹೋಳುಗಳು ಬಾಗಿ ಮುಚ್ಚಿಕೊಳ್ಳುತ್ತವೆ. ತೆರೆದ ರೂಪಕ್ಕೂ ಮುಚ್ಚಿದ ರೂಪಕ್ಕೂ ಕ್ಸೆನಾನ್ ಶಿಖರದ ಸರಿತ ಬೇರೆಬೇರೆಯಾಗಿತ್ತು. ಅಂದರೆ ಪ್ರೋಟೀನಿಗೆ ಯಾವ ಬಣ್ಣದ ಗುರುತನ್ನೂ ಅಂಟಿಸದೆ, ಅದರ ಒಂದು ಪರಮಾಣುವನ್ನೂ ಬದಲಿಸದೆ, ಅದು ಬಾಗಿದೆಯೋ ಇಲ್ಲವೋ ಎಂಬುದನ್ನು ಹೊರಗಿನಿಂದ ಬಂದ ಅನಿಲವೊಂದು ಹೇಳಿತು.

ಸರಿತ ಪೊಟರೆಯಿದೆ ಎನ್ನುತ್ತದೆಯೇ ಹೊರತು ಅದರ ಗೋಡೆಯಲ್ಲಿ ಯಾವ ಪರಮಾಣುಗಳಿವೆ ಎಂದು ಹೇಳುವುದಿಲ್ಲ. ಅದಕ್ಕೆ ಬೇರೊಂದು ಉಪಾಯ ಬೇಕು. 1996ರಲ್ಲಿ ಗಿಲ್ ನವೋನ್, ಪೈನ್ಸ್ ಮತ್ತು ಸಹೋದ್ಯೋಗಿಗಳು, ದ್ರಾವಣದಲ್ಲಿ ಕರಗಿದ ಅತಿಧ್ರುವಿತ ಕ್ಸೆನಾನ್ ತನ್ನ ಧ್ರುವೀಕರಣದ ಒಂದು ಪಾಲನ್ನು ಪಕ್ಕದ ಹೈಡ್ರೋಜನ್‌ಗಳಿಗೆ ದಾಟಿಸುತ್ತದೆ ಎಂದು ತೋರಿಸಿದರು. ಇದಕ್ಕೆ ಸ್ಪಿನೋ ಎಂಬ ಸಂಕ್ಷಿಪ್ತ ಹೆಸರು ಬಿದ್ದಿದೆ. ದಾಟುವಿಕೆಯ ವೇಗ ದೂರದ ಆರನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ದೂರ ಎರಡರಷ್ಟಾದರೆ ಪರಿಣಾಮ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಬೆಳಗುವುದು ಕ್ಸೆನಾನ್‌ಗೆ ಮೈ ತಾಗಿಸಿಕೊಂಡಿರುವ ಹೈಡ್ರೋಜನ್‌ಗಳು ಮಾತ್ರ. ಲೇಸರ್ ಬೆಳಕಿನ ಸುತ್ತುವ ದಿಕ್ಕನ್ನು ಬದಲಿಸಿದರೆ ಕ್ಸೆನಾನ್‌ನ ಧ್ರುವೀಕರಣವೂ ತಲೆಕೆಳಗಾಗಿ, ಆ ಹೈಡ್ರೋಜನ್‌ಗಳ ಶಿಖರ ಏರುವ ಬದಲು ಇಳಿಯುತ್ತದೆ. ಎರಡನ್ನೂ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ಸಾವಿರಾರು ಹೈಡ್ರೋಜನ್‌ಗಳ ಸಂತೆಯಲ್ಲಿ ಪೊಟರೆಯ ಗೋಡೆಯವು ಮಾತ್ರ ಉಳಿಯುತ್ತವೆ. ಫ್ರಾನ್ಸಿನಲ್ಲಿ ಪ್ಯಾಟ್ರಿಕ್ ಬರ್ತೋ, ಎರ್ವೆ ದೆವೋ ಮತ್ತಿತರರು 2001ರಲ್ಲಿ ಗೋಧಿಯ ಲಿಪಿಡ್ ಸಾಗಣೆಯ ಪ್ರೋಟೀನಿನ ಮೇಲೆ ಇದನ್ನೇ ಮಾಡಿ, ಅದರ ನೀರೊಲ್ಲದ ಪೊಟರೆಯ ಹೈಡ್ರೋಜನ್‌ಗಳನ್ನು ಬೆಳಗಿಸಿದರು. ವಿಧಾನದ ಅಂದಕ್ಕೆ ಎರಡು ಮಾತಿಲ್ಲ. ಆದರೂ ದಾಟುವ ಪಾಲು ಬಹಳ ಸಣ್ಣದು, ಅದನ್ನು ಹಿಡಿಯಲು ಬೇಕಾದ ಪ್ರೋಟೀನಿನ ಪ್ರಮಾಣ ದೊಡ್ಡದು, ಆದ್ದರಿಂದ ಇದು ಕೈಪಳಗಿದವರ ಸಾಧನವಾಗಿಯೇ ಉಳಿದಿದೆ.

ಪ್ರಕೃತಿ ಕೊಟ್ಟ ಪೊಟರೆಗಳಲ್ಲಿ ಹಿಡಿತ ದುರ್ಬಲವೆಂದಾದರೆ, ಕ್ಸೆನಾನ್‌ಗೆ ಹೇಳಿ ಮಾಡಿಸಿದ ಪಂಜರವನ್ನೇ ಕಟ್ಟಿಕೊಟ್ಟರೆ ಹೇಗೆ? ಬಟ್ಟಲಿನಾಕಾರದ ಎರಡು ಅಣುಗಳನ್ನು ಮುಖಾಮುಖಿಯಾಗಿ ಹೊಲಿದಂತಿರುವ ಕ್ರಿಪ್ಟೋಫೇನ್ ಎಂಬ ಅಣುಪಂಜರಗಳನ್ನು ಆಂದ್ರೆ ಕೊಲೆ 1981ರಲ್ಲಿ ತಯಾರಿಸಿದ್ದರು. ಅದರ ಒಳಜಾಗ ಕ್ಸೆನಾನ್‌ಗೆ ಹದವಾಗಿ ಹೊಂದುತ್ತದೆ. ಒಳಗೆ ಕೂತ ಕ್ಸೆನಾನ್‌ನ ಶಿಖರ 60–70 ಪಿಪಿಎಂ ಬಳಿ, ನೀರಿನಲ್ಲಿರುವುದರಿಂದ ನೂರಕ್ಕೂ ಹೆಚ್ಚು ಪಿಪಿಎಂ ದೂರದಲ್ಲಿ, ಬೇರೆಯಾಗಿಯೇ ಕಾಣುತ್ತದೆ. 2001ರಲ್ಲಿ ಬರ್ಕ್ಲಿಯ ಗುಂಪು ಈ ಪಂಜರಕ್ಕೆ ಒಂದು ಬಾಲ ಕಟ್ಟಿ, ಬಾಲದ ತುದಿಗೆ ಬಯೋಟಿನ್ ಎಂಬ ವಿಟಮಿನ್ ಜೋಡಿಸಿತು. ಬಯೋಟಿನ್ನನ್ನು ಬಿಡದೆ ಹಿಡಿಯುವ ಅವಿಡಿನ್ ಪ್ರೋಟೀನ್ ದ್ರಾವಣಕ್ಕೆ ಬಂದೊಡನೆ ಪಂಜರದೊಳಗಿನ ಕ್ಸೆನಾನ್‌ನ ಶಿಖರ ತುಸು ಸರಿಯಿತು. ಕ್ಸೆನಾನ್ ಅವಿಡಿನ್ನನ್ನು ಮುಟ್ಟಿಯೇ ಇರಲಿಲ್ಲ. ಪಂಜರದ ಗೋಡೆಯ ಮೂಲಕ ಸುದ್ದಿ ತಲುಪಿತ್ತು. ಬಾಲದ ತುದಿಯನ್ನು ಬದಲಿಸಿದರೆ ಬೇರೆ ಗುರಿಯನ್ನು ಹುಡುಕಬಹುದು ಎಂಬುದರಿಂದ ಕ್ಸೆನಾನ್ ಜೈವಿಕ ಸಂವೇದಕಗಳ ಕೆಲಸ ಅಲ್ಲಿಂದ ಬೆಳೆಯಿತು.

2006ರಲ್ಲಿ ಲೈಫ್ ಶ್ರೋಡರ್ ಮತ್ತು ಸಂಗಡಿಗರು ಇದಕ್ಕೆ ಸೇರಿಸಿದ ತಿರುವು ನನ್ನ ಮಟ್ಟಿಗೆ ಇಡೀ ಕಥೆಯಲ್ಲೇ ಅತಿ ಜಾಣತನದ್ದು. ಹೈಪರ್-ಸೆಸ್ಟ್ ಎಂದು ಅದಕ್ಕೆ ಹೆಸರು. ಪಂಜರದೊಳಗಿನ ಮಂದ ಶಿಖರವನ್ನು ಅಳೆಯಲು ಹೆಣಗುವುದನ್ನೇ ಅವರು ಬಿಟ್ಟುಬಿಟ್ಟರು. ಅದರ ಬದಲು ಆ ಶಿಖರದ ಆವರ್ತನದಲ್ಲಿ ರೇಡಿಯೋ ಅಲೆಗಳನ್ನು ಎಡೆಬಿಡದೆ ಹರಿಸಿ, ಒಳಗಿರುವ ಕ್ಸೆನಾನ್‌ನ ಧ್ರುವೀಕರಣವನ್ನು ಬೇಕೆಂದೇ ಅಳಿಸಿಹಾಕಿದರು. ಅಳಿಸಿದ ಕ್ಸೆನಾನ್ ಹೊರಗೆ ಹೋಗಿ, ಅದರ ಜಾಗಕ್ಕೆ ಹೊಸದು ಬರುತ್ತದೆ, ಅದನ್ನೂ ಅಳಿಸಲಾಗುತ್ತದೆ. ಕೊನೆಯಲ್ಲಿ ಅಳೆಯುವುದು ನೀರಿನಲ್ಲಿರುವ ಕ್ಸೆನಾನ್‌ನ ದೊಡ್ಡ ಶಿಖರವನ್ನು, ಅದು ಎಷ್ಟು ಕುಸಿಯಿತು ಎಂಬುದನ್ನು. ಲೆಕ್ಕ ಹಾಕಿ ನೋಡೋಣ. ದ್ರಾವಣದಲ್ಲಿ 2,000 ಕ್ಸೆನಾನ್‌ಗಳಿಗೆ ಒಂದು ಪಂಜರವಿದೆ, ಪ್ರತಿ ಪಂಜರದಲ್ಲೂ ಸೆಕೆಂಡಿಗೆ 30 ಬಾರಿ ಅದಲುಬದಲು ನಡೆಯುತ್ತದೆ ಎಂದುಕೊಳ್ಳಿ. 20 ಸೆಕೆಂಡುಗಳಲ್ಲಿ ಒಂದೊಂದು ಪಂಜರವೂ 600 ಕ್ಸೆನಾನ್‌ಗಳನ್ನು ಒಳಕರೆದು ಬಾಯಿ ಮುಚ್ಚಿಸಿರುತ್ತದೆ. ಕೆಲವು ಎರಡನೆಯ ಬಾರಿ ಬಂದವು ಎಂದು ಕಳೆದರೂ ದೊಡ್ಡ ಶಿಖರ ಸುಮಾರು ಕಾಲುಭಾಗ ಕುಸಿಯುತ್ತದೆ. ನೇರವಾಗಿ ಅಳೆದಿದ್ದರೆ ಕಾಣುತ್ತಿದ್ದುದು ಎರಡು ಸಾವಿರದಲ್ಲಿ ಒಂದು ಪಾಲಿನ ಶಿಖರ. ಇಡುಗಂಟನ್ನು ಉಳಿಸಲು ಪರದಾಡುತ್ತಿದ್ದ ವಿದ್ಯೆಯಲ್ಲಿ ಅದನ್ನು ಗೊತ್ತುಮಾಡಿಕೊಂಡು ಪೋಲುಮಾಡುವುದನ್ನೇ ಅಳತೆಯ ಕೋಲಾಗಿ ಬಳಸಿಕೊಂಡದ್ದು ಹೀಗೆ. ನೀರಿನಲ್ಲಿ ಕರಗುವ, ಅದಲುಬದಲು ಇನ್ನೂ ಚುರುಕಾದ ಪಂಜರಗಳಿಂದ ಅಮೆರಿಕದ ಇವಾನ್ ಡ್ಮೊಕೊವ್ಸ್ಕಿಯವರ ಗುಂಪು 2012ರಲ್ಲಿ ಪಿಕೋಮೋಲಾರ್ ಮಟ್ಟವನ್ನು, ಅಂದರೆ ಮೋಲ್‌ನ ಲಕ್ಷ ಕೋಟಿಯ ಕೆಲವು ಪಾಲುಗಳಷ್ಟು ಲೀಟರಿನಲ್ಲಿದ್ದರೂ ಪತ್ತೆಮಾಡುವುದನ್ನು ಸಾಧಿಸಿತು.

ಕ್ಸೆನಾನ್ ಬಿಟ್ಟು ಉಳಿದ ಜಡಾನಿಲಗಳಿಗೆ ಈ ಕೆಲಸ ಏಕೆ ಆಗದು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಹೀಲಿಯಂ-3 ಸೊಗಸಾಗಿ ಧ್ರುವೀಕರಣಗೊಳ್ಳುತ್ತದೆಯಾದರೂ ನೀರಿನಲ್ಲಿ ಕರಗುವುದೇ ಅಲ್ಪ, ಮೋಡ ಬಿಗಿಯಾದ್ದರಿಂದ ಸುತ್ತಲಿನದರ ಸುದ್ದಿಯನ್ನೂ ಹೇಳದು. ಆರ್ಗಾನ್‌ನ ಸ್ಥಿರ ಸಮಸ್ಥಾನಿಗಳಿಗೆ ಸ್ಪಿನ್ನೇ ಇಲ್ಲ. ಕ್ರಿಪ್ಟಾನ್-83ಕ್ಕೆ ಸ್ಪಿನ್ ಇದ್ದರೂ ಅದರ ನ್ಯೂಕ್ಲಿಯಸ್ ಗೋಳಾಕಾರದ್ದಲ್ಲದ ಕಾರಣ ಸುತ್ತಲಿನ ವಿದ್ಯುತ್ ಏರಿಳಿತಗಳಿಗೆ ಸಿಕ್ಕು ಧ್ರುವೀಕರಣ ಬೇಗ ಸೋರಿಹೋಗುತ್ತದೆ.

ಕ್ಸೆನಾನ್‌ನ ಮಿತಿಗಳೂ ಕಡಿಮೆಯೇನಲ್ಲ. ಪೊಟರೆಯಿಲ್ಲದ ಅಥವಾ ಇದ್ದರೂ ತೀರ ಕಿರಿದಾದ ಪ್ರೋಟೀನ್‌ಗಳ ಬಗ್ಗೆ ಅದು ಹೆಚ್ಚೇನೂ ಹೇಳಲಾರದು. ಪ್ರತಿ ಬಾರಿಯ ಧ್ರುವೀಕರಣ ಒಂದೇ ಮಟ್ಟದಲ್ಲಿ ಇರದಿರುವುದರಿಂದ ಎರಡು ದಿನಗಳ ಅಳತೆಗಳನ್ನು ಹೋಲಿಸುವಾಗ ಎಚ್ಚರ ಬೇಕು. ಹತ್ತಾರು, ನೂರಾರು ತುಡಿತಗಳನ್ನು ಬೇಡುವ ಎರಡು ಆಯಾಮದ ಎನ್‌ಎಂಆರ್ ಪ್ರಯೋಗಗಳಿಗೆ ಇಡುಗಂಟು ಸಾಲುವುದಿಲ್ಲ. ಹೊಸ ಕ್ಸೆನಾನನ್ನು ನಿರಂತರವಾಗಿ ಹರಿಸುವ ಏರ್ಪಾಡು ಬೇಕಾಗುತ್ತದೆ.

ಹಾಗಿದ್ದರೂ ಕೆಲಸ ಮತ್ತೆ ಪ್ರೋಟೀನಿನ ಪೊಟರೆಯ ಕಡೆಗೇ ತಿರುಗಿರುವುದು ಕುತೂಹಲದ ಸಂಗತಿ. 2016ರಲ್ಲಿ ಡ್ಮೊಕೊವ್ಸ್ಕಿಯವರ ಗುಂಪು, ಪೆನಿಸಿಲಿನ್ನನ್ನು ಮುರಿಯುವ ಬ್ಯಾಕ್ಟೀರಿಯಾ ಕಿಣ್ವವಾದ ಟೆಮ್-1 ಬೀಟಾ-ಲ್ಯಾಕ್ಟಮೇಸ್ ತಾನಾಗಿಯೇ ಹೈಪರ್-ಸೆಸ್ಟ್ ಪಂಜರದಂತೆ ವರ್ತಿಸುತ್ತದೆ ಎಂದು ತೋರಿಸಿತು. ಕಿಣ್ವದೊಳಗಿನ ಪೊಟರೆಯೊಂದರಲ್ಲಿ ಕ್ಸೆನಾನ್ ಬಂದುಹೋಗುವ ವೇಗ, ಅಲ್ಲಿನ ಪಲ್ಲಟ, ಎರಡೂ ಈ ವಿಧಾನಕ್ಕೆ ಹೊಂದಿಕೊಂಡಿದ್ದವು. ಅದಕ್ಕೆಂದು ಯಾರೂ ಅದನ್ನು ರೂಪಿಸಿರಲಿಲ್ಲ. ಪ್ರಯೋಗಾಲಯದಲ್ಲಿ ಹಲವು ಹಂತಗಳಲ್ಲಿ ಕಟ್ಟಬೇಕಾದ ಕ್ರಿಪ್ಟೋಫೇನ್‌ಗೆ ಬದಲಾಗಿ ಜೀನ್ ಒಂದನ್ನು ಸೇರಿಸಿದರೆ ಜೀವಕೋಶವೇ ತನ್ನ ಪಂಜರವನ್ನು ತಯಾರಿಸಿಕೊಳ್ಳುತ್ತದೆ. ಹೀಗೆ ಸ್ತನಿಗಳ ಜೀವಕೋಶಗಳಲ್ಲಿಯೂ ಅದರ ಸಿಗ್ನಲ್ ಕಂಡಿತು.

ಪ್ರಯೋಗ ಮುಗಿದು ಧ್ರುವೀಕರಣವೆಲ್ಲ ಖರ್ಚಾದ ಮೇಲೆ ಉಳಿಯುವ ಅನಿಲ ಮಾತ್ರ ಎಲ್ಲಿಯೂ ಹೋಗಿರುವುದಿಲ್ಲ. ಬಂಧ ಕಟ್ಟದ ಸ್ವಭಾವದಿಂದಾಗಿ ದ್ರಾವಣದಲ್ಲಿ ಅದು ಏನಾಗಿಯೂ ಬದಲಾಗಿರುವುದಿಲ್ಲ. ಕ್ಸೆನಾನ್-129ರ ಪಾಲನ್ನು ಹೆಚ್ಚಿಸಿದ ಕ್ಸೆನಾನ್ ದುಬಾರಿಯಾದ ಕಾರಣ ಅದನ್ನು ಮತ್ತೆ ದ್ರವ ನೈಟ್ರೋಜನ್ನಿನ ನಳಿಕೆಯಲ್ಲಿ ಹೆಪ್ಪುಗಟ್ಟಿಸಿ ಹಿಡಿದು, ನೀರಿನ ಪಸೆ ತೆಗೆದು ಶುದ್ಧೀಕರಿಸಿ, ಮುಂದಿನ ಸುತ್ತಿಗೆ ರುಬಿಡಿಯಂ ಕೋಶಕ್ಕೆ ಕಳಿಸುತ್ತಾರೆ.